ಡಬ್ಬುಗಳ್ಳಿಯ ಕೆಂಪು

ಹೋದ ಚಳಿಗಾಲ ಬಾಕಿ ವಸೂಲಿಗೆಂದು ಗೋವೆಯ ಮಾಪುಸಾಕ್ಕೆ ಹೋದವನು ಮೊಮ್ಮಗನ ಹಟಕ್ಕೆ ಶಾಪೋರಾ ಕೋಟೆಯನ್ನೂ ಹತ್ತಿದೆ. ಕೆಂಪು ಮುರಕಲ್ಲಿನ ಸಂದಿಯಲ್ಲಿ ಮೊಣಕಾಲೆತ್ತರದ ಡಬ್ಬುಗಳ್ಳಿ, ಅದರ ತುಂಬ ಕೆಂಪು ಹಣ್ಣು. ಹುಡುಗ ಕೈಹಾಕಿ ಸಣ್ಣಮುಳ್ಳು ಚುಚ್ಚಿಸಿಕೊಂಡ.

"ಅಜ್ಜಾ, ಇದನ್ನ ತಿನ್ನಬಹುದೇನು?"

ತಿನ್ನುವವರು ಮುಳ್ಳು ಉಜ್ಜಿ ತೆಗೆದು ತಿನ್ನುತ್ತಾರೆ. ಒಳಗೆ ಬೀಜವೋ ಬೀಜ. ಬಹುಬೀಜವೆಂದು ಬಿಟ್ಟವರಲ್ಲಿ ನಾನೂ ಒಬ್ಬ.

ಗಿಡ ಅಮೆರಿಕ ಖಂಡದ್ದು. 18ನೇ ಶತಮಾನದ ಕೊನೆಗೆ ಇಂಗ್ಲಿಷ್ ಕಂಪನಿಯವರು ಮದ್ರಾಸಿನಲ್ಲಿ ಕಳ್ಳಿತೋಟವನ್ನೇ ಹಾಕಿದರು. ಹಣ್ಣಿಗಲ್ಲ, ಕಳ್ಳಿಯ ಮೇಲೆ ಸಾಕುವ ಕೊಚಿನೀಲ್ ಹುಳುವಿಗೆ. ಅದನ್ನು ಕೊಂದು ಒಣಗಿಸಿ ಅರೆದರೆ ಕೆಂಪು ಬಣ್ಣ. ಒಂದು ಪೌಂಡಿಗೆ ಸುಮಾರು 70,000 ಹುಳು! ಹಣ್ಣಿನ ಕೆಂಪು ಮಾತ್ರ ಗಿಡದ್ದೇ. ಕಂಪನಿಗೆ ಆ ವ್ಯಾಪಾರ ಕೈಗೂಡಲಿಲ್ಲ.

ನಾನು ವರ್ಷಗಟ್ಟಲೆ ವಿದೇಶಿ ಪೆಪ್ಪರ್‌ಮಿಂಟ್ ಮಾರಿದವನು. ಡಬ್ಬಿಯ ಮೇಲಿನ 'ಇ 120' ಎಂದರೆ ಇದೇ ಹುಳುವಿನ ಬಣ್ಣ, ಕಾರ್ಮೈನ್ ಎಂದರೂ ಅದೇ. ತಿಳಿದ ದಿನವೇ ಉಳಿದ ಮಾಲು ವಾಪಸು ಕಳಿಸಿದೆ. ದುಡ್ಡು ಬರಲಿಲ್ಲ. ಮಾರಿದ್ದನ್ನು ವಾಪಸು ತರುವುದೆಲ್ಲಿಂದ?

ಇದನ್ನೆಲ್ಲ ಮುಳ್ಳು ಕೀಳುತ್ತ ಹೇಳಿದೆ. ಸಂಜೆ ಬಸ್ ನಿಲ್ದಾಣದ ಅಂಗಡಿಯಲ್ಲಿ ಹುಡುಗ ಒಂದೊಂದೇ ಪ್ಯಾಕೆಟ್ ತಿರುಗಿಸಿ ಓದುತ್ತ ನಿಂತ. ಹುಬ್ಬಳ್ಳಿ ಬಸ್ಸು ತಪ್ಪುವುದೊಂದು ಬಾಕಿ.