ಕ್ಷೌರದಂಗಡಿಗೆ ಬಂದ ವೈದ್ಯರು

ನಮ್ಮ ತಂದೆಯವರಿಗೆ ಪಾರ್ಶ್ವವಾಯು ಬಡಿದದ್ದು 2009ರ ಮಳೆಗಾಲದಲ್ಲಿ. ಅದಕ್ಕೂ ಎರಡು ವರ್ಷ ಮೊದಲೇ ಪೇಟೆಯ ಆಸ್ಪತ್ರೆಯೊಂದರಲ್ಲಿ ರಕ್ತದೊತ್ತಡ ಹೆಚ್ಚಿದೆಯೆಂದು ಹೇಳಿ ಮಾತ್ರೆ ಕೊಟ್ಟಿದ್ದರು. ಒಂದು ತಿಂಗಳು ನುಂಗಿ, ತಲೆನೋವಿಲ್ಲ, ತಲೆತಿರುಗುವುದಿಲ್ಲ, ಮತ್ತೇಕೆ ಮದ್ದು ಎಂದು ಬಿಟ್ಟುಬಿಟ್ಟರು. ತಂದೆಯವರಿಗೆ ಪೇಟೆಯ ವ್ಯವಹಾರದ ಮಟ್ಟಿಗೆ ಮಲಯಾಳ ಬರುತ್ತಿತ್ತು; ರೋಗದ ಮಾತು ಹಿಡಿಯುವಷ್ಟಲ್ಲ. ಡಾಕ್ಟರರು ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಬಂದಿದ್ದರು. ಜೊತೆಗೆ ಹೋಗಬೇಕಾಗಿದ್ದವರು ನಾವು, ಅಣ್ಣತಮ್ಮಂದಿರು. ಇಬ್ಬರಿಗೂ ಅಂದು ಪುರುಸೊತ್ತಿರಲಿಲ್ಲ.

ಶಾಲೆಯ ಸಂಚಿಕೆಗೆ ಒಬ್ಬ ವೈದ್ಯರ ವಿಚಾರ ಬರೆದುಕೊಡಿರೆಂದು ನಮ್ಮ ಗುರುಗಳು ಕೇಳಿದಾಗ ನಮಗೆ ನೆನಪಾದವರು ಡಾ. ಇಲೈಜಾ ಸಾಂಡರ್ಸ್. ತಂದೆಯವರ ಹಾಸಿಗೆಯ ಬಳಿ ಕುಳಿತ ದಿನಗಳಲ್ಲಿ ಈ ರೋಗದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುವಾಗ ಪರಿಚಯವಾದ ಹೆಸರು ಅದು.

ಅವರು ಹುಟ್ಟಿದ್ದು 1934ರಲ್ಲಿ, ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ, ಕಪ್ಪು ಜನಾಂಗದ ಮನೆಯಲ್ಲಿ. 1960ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದರು. ಆ ಕಾಲದಲ್ಲಿ ಅಲ್ಲಿನ ಆಸ್ಪತ್ರೆಯಲ್ಲಿ ಬಿಳಿಯರಿಗೊಂದು ವಾರ್ಡು, ಕಪ್ಪು ಜನರಿಗೆ ಇನ್ನೊಂದು. ಆ ಗೋಡೆಯನ್ನು ತೆಗೆಸಲು ದುಡಿದವರಲ್ಲಿ ಈ ತರುಣ ವೈದ್ಯರೂ ಒಬ್ಬರು. 1965ರ ಹೊತ್ತಿಗೆ ಅವರು ಮೇರಿಲ್ಯಾಂಡಿನ ಮೊದಲ ಕಪ್ಪು ಹೃದ್ರೋಗತಜ್ಞರಾದರು. ಇಷ್ಟಾದ ಮೇಲೆ ಸುಖವಾಗಿ ವೈದ್ಯಕೀಯ ಮಾಡಿಕೊಂಡಿರಬಹುದಿತ್ತು. ಆದರೆ ಅವರ ಬಳಿಗೆ ಬರುತ್ತಿದ್ದವರಲ್ಲಿ ಮಿದುಳಿನ ರಕ್ತಸ್ರಾವವಾದವರು, ಮೂತ್ರಪಿಂಡ ಕೆಟ್ಟವರು, ಇನ್ನೂ ನಡುಹರೆಯದವರು, ಎಷ್ಟೋ ಮಂದಿ. ಬಹುತೇಕರಿಗೆ ಮೂಲ ಒಂದೇ: ರಕ್ತದೊತ್ತಡ.

ಈ ರೋಗದ ಕುಹಕವೆಂದರೆ ಅದು ಮಾತಾಡುವುದಿಲ್ಲ. ಹಲ್ಲುನೋವು ರಾತ್ರಿಯಿಡೀ ಕೂಗುತ್ತದೆ. ರಕ್ತದೊತ್ತಡ ಹತ್ತು ವರ್ಷ ಸುಮ್ಮನಿದ್ದು ರಕ್ತನಾಳದ ಗೋಡೆಯನ್ನು ಗಡುಸು ಮಾಡುತ್ತ ಹೋಗುತ್ತದೆ. ತಿಳಿಯಲು ಇರುವ ದಾರಿ ತೋಳಿನ ಪಟ್ಟಿ ಒಂದೇ. ವಿಜ್ಞಾನ ಓದುವ ಮಕ್ಕಳು ಇದನ್ನು ನೋಡಿರಬಹುದು: ಪಟ್ಟಿಯಲ್ಲಿ ಗಾಳಿ ತುಂಬಿ ರಕ್ತದ ಹರಿವನ್ನು ತಡೆದು, ಮೆಲ್ಲಗೆ ಗಾಳಿ ಬಿಡುವಾಗ ಕೇಳುವ ಮೊದಲ ಸದ್ದು ಮೇಲಿನ ಸಂಖ್ಯೆ, ಸದ್ದು ಅಡಗುವಲ್ಲಿ ಕೆಳಗಿನದು. ರಷ್ಯದ ಕೊರೊಟ್ಕಾಫ್ 1905ರಲ್ಲಿ ಹೇಳಿಕೊಟ್ಟ ಉಪಾಯ.

ಕಪ್ಪು ಜನರಿಗೇ ಏಕೆ ಹೆಚ್ಚು? ಅದು ಅವರ ರಕ್ತದಲ್ಲೇ ಇದೆ ಎಂದು ಕೈತೊಳೆದುಕೊಂಡವರು ಬಹಳ. ರಿಚರ್ಡ್ ಕೂಪರ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಲೆಕ್ಕ ಈ ಮಾತನ್ನು ಅಲುಗಾಡಿಸಿತು. ಒಂದೇ ಮೂಲದ ಜನರಲ್ಲಿ ಪಶ್ಚಿಮ ಆಫ್ರಿಕದಲ್ಲಿ ನೂರಕ್ಕೆ 16 ಮಂದಿಗೆ, ಕ್ಯಾರಿಬಿಯನ್ ದ್ವೀಪಗಳಲ್ಲಿ 26 ಮಂದಿಗೆ, ಅಮೆರಿಕದಲ್ಲಿ 33 ಮಂದಿಗೆ ಈ ರೋಗ. ಮೂಲ ಒಂದೇ ಆದರೂ ನೆಲ ಬದಲಾದಂತೆ ಸಂಖ್ಯೆ ಏರಿದೆ. ಊಟ, ಉಪ್ಪು, ಬೊಜ್ಜು, ದುಡಿಮೆ, ಚಿಂತೆ ಎಲ್ಲಕ್ಕೂ ಅದರಲ್ಲಿ ಪಾಲಿರಬೇಕು. (ಗಂಜಿಗೆ ಮಿಡಿ ಉಪ್ಪಿನಕಾಯಿ ಇಲ್ಲದೆ ಕೂರದ ನಾವು ಉಪ್ಪಿನ ಮಾತನ್ನು ಇಲ್ಲಿಗೇ ಬಿಡುವುದು ಲೇಸು.)

ಇನ್ನೊಂದು ತೊಡಕು, ಆಸ್ಪತ್ರೆಯ ಮೇಲೆ ನಂಬಿಕೆಯಿಲ್ಲದಿರುವುದು. ನಂಬಿಕೆ ಬರುವುದಾದರೂ ಹೇಗೆ? ಅಲಬಾಮದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸರಕಾರದ ವೈದ್ಯರೇ ಸುಮಾರು 400 ಮಂದಿ ಕಪ್ಪು ಗಂಡಸರ ಸಿಫಿಲಿಸ್ ರೋಗಕ್ಕೆ ಚಿಕಿತ್ಸೆ ಕೊಡದೆ, ರೋಗ ಹೇಗೆ ಬೆಳೆಯುತ್ತದೆಂದು ನೋಡುತ್ತ ಕುಳಿತಿದ್ದರು.

ಸಾಂಡರ್ಸರು ಹಿಡಿದ ದಾರಿ ನಮಗೆ ಬಹಳ ಹಿಡಿಸಿತು. ಜನ ಆಸ್ಪತ್ರೆಗೆ ಬಾರದಿದ್ದರೆ ಜನರು ಕೂಡುವಲ್ಲಿಗೆ ಪಟ್ಟಿ ಹೋಗಲಿ ಎಂದರು. ಚರ್ಚುಗಳಿಗೆ ಹೋದರು. ಕ್ಷೌರಿಕರಿಗೂ ಕೇಶಾಲಂಕಾರದ ಹೆಂಗಸರಿಗೂ ರಕ್ತದೊತ್ತಡ ಅಳೆಯಲು ಕಲಿಸಿದರು. ದೊಡ್ಡ ತಜ್ಞರು, ಮುಂದೆ ವಿಶ್ವವಿದ್ಯಾಲಯದಲ್ಲಿ ರಕ್ತದೊತ್ತಡ ವಿಭಾಗದ ಮುಖ್ಯಸ್ಥರಾದವರು, 1986ರಲ್ಲಿ ಈ ರೋಗಕ್ಕಾಗಿಯೇ ಅಂತರರಾಷ್ಟ್ರೀಯ ಸಂಘ ಕಟ್ಟಿದವರಲ್ಲಿ ಒಬ್ಬರು. ಅಂಥವರು ತಮ್ಮ ವಿದ್ಯೆಯನ್ನು ಕತ್ತರಿ ಹಿಡಿದ ಕೈಗೆ ದಾಟಿಸಿದರು. 2015ರಲ್ಲಿ ತೀರಿಕೊಂಡರು.

ಅಳೆದರೆ ಸಾಕೇ ಎಂಬ ಪ್ರಶ್ನೆ ಉಳಿದಿತ್ತು. ಅದಕ್ಕೆ ಉತ್ತರ ಕೊಟ್ಟವರು ಡಾ. ರೊನಾಲ್ಡ್ ವಿಕ್ಟರ್. ಲಾಸ್ ಏಂಜಲೀಸಿನ 52 ಕ್ಷೌರದಂಗಡಿಗಳಲ್ಲಿ 319 ಮಂದಿಯ ಮೇಲೆ ಅವರು ನಡೆಸಿದ ಪರೀಕ್ಷೆ 2018ರಲ್ಲಿ ಪ್ರಕಟವಾಯಿತು. ಕೆಲವು ಅಂಗಡಿಗಳಲ್ಲಿ ಕ್ಷೌರಿಕರು ವೈದ್ಯರ ಬಳಿ ಹೋಗಿರೆಂದು ಬುದ್ಧಿ ಹೇಳಿದರು. ಮಿಕ್ಕವುಗಳಿಗೆ ಔಷಧ ಬಲ್ಲ ಫಾರ್ಮಸಿಸ್ಟರು ತಾವೇ ಬಂದು, ವೈದ್ಯರ ಒಪ್ಪಿಗೆಯಿಂದ ಅಲ್ಲೇ ಮದ್ದು ಬರೆದುಕೊಟ್ಟರು. ಆರು ತಿಂಗಳ ಮೇಲೆ ನೋಡಿದರೆ, ಬುದ್ಧಿಮಾತು ಕೇಳಿದವರಲ್ಲಿ ಮೇಲಿನ ಸಂಖ್ಯೆ ಸರಾಸರಿ 9 ಇಳಿದಿತ್ತು. ಮದ್ದು ಅಂಗಡಿಗೇ ಬಂದವರಲ್ಲಿ 27. ಅದೇ ವರ್ಷ ವಿಕ್ಟರರೂ ತೀರಿಕೊಂಡರು.

ನಮ್ಮ ತಂದೆಯವರು ಪಾರ್ಶ್ವವಾಯುವಿನ ನಂತರ ನಾಲ್ಕು ವರ್ಷ ಇದ್ದರು. ಎಡಗೈ ಏಳಲಿಲ್ಲ, ಮಾತು ಮಾತ್ರ ಉಳಿದಿತ್ತು. ಕ್ಷೌರಕ್ಕೆ ಅಂಗಡಿಗೇ ಹೋಗಬೇಕೆಂದು ಹಟ. ನಾವಿಬ್ಬರೂ ಎರಡೂ ಬದಿ ಹಿಡಿದುಕೊಂಡು ಹೋಗುತ್ತಿದ್ದೆವು. ಕುರ್ಚಿಯಲ್ಲಿ ಕುಳಿತರೆ ಅಡಕೆಯ ಧಾರಣೆ, ಮೇಳದ ಆಟ, ನೆರೆಮನೆಯ ವ್ಯಾಜ್ಯ, ಒಂದಕ್ಕೂ ಕಡಿಮೆಯಿಲ್ಲ. ಮನೆಯಲ್ಲಿ ನಮ್ಮೊಡನೆ ಅಷ್ಟು ಮಾತಾಡಿದ್ದನ್ನು ನಾವು ಕಾಣೆವು.

ಅವರು ಹೋದ ಮೇಲೆ ಒಮ್ಮೆ ಆ ಕ್ಷೌರಿಕರನ್ನು ಕೇಳಿದೆವು: ಅಪ್ಪ ಆಗ ಮಾತ್ರೆ ಬಿಟ್ಟದ್ದು ನಿಮಗೆ ಗೊತ್ತಿತ್ತೇ?

"ಬಿಟ್ಟ ವಾರವೇ ಹೇಳಿದ್ದರು" ಎಂದರು ಅವರು.