‘ಸುಮ್ನ ಟೀಸ್ ಮಾಡಿದ್ವಿ’

ಬಾಗಲಕೋಟೆಯ ಹುಡುಗರ ಬಾಯಲ್ಲಿ ‘ಟೀಸ್’ ಎಂಬುದು ಈಗ ಇಂಗ್ಲಿಷ್ ಮಾತಾಗಿ ಉಳಿದಿಲ್ಲ. ‘ಏ, ಸುಮ್ನ ಟೀಸ್ ಮಾಡಿದ್ವಿ, ಅಷ್ಟಕ್ಕ ಯಾಕ ಸಿಟ್ಟಾಗ್ತಿ?’ ಮನೆತನದಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದ ನಾವು ಇದನ್ನು ಮೂರು ವರ್ಷ ಕೇಳಿದೆವು. ಹಾಜರಿ ಕೂಗುವಾಗ ಹಿಂದಿನ ಬೆಂಚಿನಿಂದ ‘ಸ್ಕಾಲರ್‌ಶಿಪ್ಪು ಬಂತು’ ಅಂದರೆ ಟೀಸು. ನಾವು ಮುಟ್ಟಿದ ಲೋಟವನ್ನು ನಮ್ಮೆದುರೇ ಇನ್ನೊಮ್ಮೆ ತೊಳೆದರೆ ಅದೂ ಟೀಸೇ. ನಮ್ಮ ಅಕ್ಕತಂಗಿಯರ ಹಿಂದೆ ಬಸ್ ಸ್ಟ್ಯಾಂಡಿನ ತನಕ ಸೀಟಿ ಹೊಡೆಯುತ್ತ ಬಂದರೆ ಅದಕ್ಕೆ ‘ಈವ್ ಟೀಸಿಂಗ್’ ಎಂಬ ಚಂದದ ಹೆಸರು ಬೇರೆ.

ಡಿಕ್ಷನರಿ ತೆಗೆದು ನೋಡಿದೆವು. ಪದ ಹುಟ್ಟಿದ್ದು ಚೇಷ್ಟೆಯಲ್ಲಲ್ಲ, ದುಡಿಮೆಯಲ್ಲಿ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಉಣ್ಣೆಯ ಎಳೆ ಬಿಡಿಸುವುದು, ಹಿಂಜುವುದು ಎಂದೇ ಅರ್ಥ. ಮನುಷ್ಯರನ್ನು ಜಗ್ಗಾಡುವ ಅರ್ಥ ಬಂದದ್ದು 17ನೇ ಶತಮಾನದ ಹೊತ್ತಿಗೆ.

ಹಿಂಜುವುದು ನಮಗೇನು ಹೊಸದೆ? ಕುರುಬರ ಓಣಿಯಲ್ಲಿ ಕಂಬಳಿಗೆ ಉಣ್ಣೆ ಹಿಂಜುತ್ತಿದ್ದರು. ಇಳಕಲ್ಲಿನ ಮಗ್ಗಕ್ಕೆ ಈಗ ಮಿಲ್ಲಿನ ನೂಲು ಬರುತ್ತದೆ, ಆದರೆ ಗಾದಿಯ ಅರಳೆ ಗಂಟುಗಟ್ಟಿದರೆ ಕಮಾನು ಹೊತ್ತ ಪಿಂಜಾರ ಕಾಕಾನೇ ಬರಬೇಕಿತ್ತು. ಪಿಂಜು ಅಂದರೂ ಹಿಂಜು ಅಂದರೂ ಒಂದೇ. ಅರಳೆಗೆ ನೋವಿಲ್ಲ. ಆ ಪದದೊಳಗೆ ಹಿಂಜುವ ಕೈ ಐತಿ, ಹಿಂಜಿಸಿಕೊಂಡವರ ಜೀವದ ಲೆಕ್ಕ ಇಲ್ಲ.

ನಮ್ಮವ್ವನ ಮಾತು ಹಾಗಲ್ಲ. ‘ಜೀಂವಾ ತಿಂತಾರ’, ‘ಗೋಳು ಹೊಯ್ಕೊಂತಾರ’ ಅನ್ನುತ್ತಾಳೆ. ಯಾರ ಜೀವ, ಯಾರ ಗೋಳು ಎಂದು ಕೇಳಬೇಕಾಗಿಲ್ಲ. ಬಾದಾಮಿಯ ಬಂಡೆಯ ಮೇಲೆ ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನವಿದೆ. ಅದು ತ್ರಿಪದಿಯಲ್ಲಿ ಹೊಗಳುವುದು ಒಳ್ಳೆಯವರಿಗೆ ಒಳ್ಳೆಯವನಾಗಿ, ಬಾಧಿಸುವವರಿಗೆ ಎದುರು ನಿಂತ ಒಬ್ಬನನ್ನು. ಬಾಧೆಗೆ ಬಾಧೆ ಎಂದೇ ಕೆತ್ತಿದ್ದಾರೆ.

ಕಾನೂನಿಗೂ ಇದು ತಡವಾಗಿ ತಿಳಿಯಿತು. ತಮಿಳುನಾಡು 1998ರಲ್ಲಿ ಮಾಡಿದ ಕಾಯ್ದೆಯ ಹೆಸರಿನಲ್ಲೇ ‘ಈವ್ ಟೀಸಿಂಗ್’ ಇತ್ತು. 2002ರಲ್ಲಿ ಅದನ್ನು ತೆಗೆದು ಮಹಿಳೆಯರಿಗೆ ಕಿರುಕುಳ ಎಂದು ಬರೆದರು. ಜಾತಿ ಹಿಡಿದು ಎಲ್ಲರೆದುರು ಅವಮಾನಿಸುವುದನ್ನು 1989ರ ಕಾಯ್ದೆ ದೌರ್ಜನ್ಯ ಎನ್ನುತ್ತದೆ. ಚೇಷ್ಟೆ ಎನ್ನುವುದಿಲ್ಲ. ಆದರೆ ಪೊಲೀಸ್ ಸ್ಟೇಶನ್ನಿನ ಕಟ್ಟೆಯ ಮೇಲೆ ರಾಜಿಗೆ ಕೂತವರ ಬಾಯಲ್ಲಿ ಇನ್ನೂ ‘ಹುಡುಗ್ರು, ಟೀಸ್ ಮಾಡ್ಯಾವು’ ಎಂಬುದೇ ನಡೆದಿದೆ.

ಗೆಳೆಯರೇ, ಇದೇ ಬಾಚುವ ಕಸುಬಿನಿಂದ ಹುಟ್ಟಿದ ಇನ್ನೊಂದು ಪದವಿದೆ: ‘ಹೆಕಲ್’. ಅಗಸೆಯ ನಾರು ಬಾಚುವ ಮುಳ್ಳಿನ ಹಣಿಗೆಯ ಹೆಸರದು. ಸ್ಕಾಟ್ಲೆಂಡಿನ ಡಂಡಿಯಲ್ಲಿ ಆ ಕೂಲಿಕಾರರು ಜಗಳಗಂಟರೆಂದೇ ಹೆಸರಾದವರು; ಒಬ್ಬ ಪತ್ರಿಕೆ ಓದಿದರೆ ಉಳಿದವರು ಕೆಲಸ ಮಾಡುತ್ತಲೇ ವಾದಕ್ಕಿಳಿಯುತ್ತಿದ್ದರಂತೆ. ಓಟು ಕೇಳಲು ಬಂದವರನ್ನು ಪ್ರಶ್ನೆಗಳಿಂದ ಬಾಚುವುದಕ್ಕೂ ಸ್ಕಾಟ್ಲೆಂಡಿನಲ್ಲಿ ಅದೇ ಮಾತಾಯಿತು. ಮೇಲಿನವರು ಜಗ್ಗಿದರೆ ತಮಾಷೆ, ಕೆಳಗಿನವರು ಪ್ರಶ್ನಿಸಿದರೆ ಉಪದ್ರವ!

ಹುನಗುಂದದ ಕಡೆಯ ಒಂದು ಗ್ರಾಮಸಭೆಯಲ್ಲಿ ನಮ್ಮ ಚಿಗವ್ವ ಸುಡುಗಾಡಿನ ಜಾಗ ಎಲ್ಲಿ ಎಂದು ನಾಲ್ಕನೇ ಸಲ ಕೇಳಿದಳು. ‘ಕಿರಿಕಿರಿ ಮಾಡಬ್ಯಾಡ, ಕುಂಡ್ರು’ ಅಂದರು. ಆಕಿ ಕುಂಡ್ರಲಿಲ್ಲ. ‘ಕಿರಿಕಿರಿ ಅಂತನಽ ಬರಕೋರಿ, ಆದರ ಠರಾವ್ ಬುಕ್ಕಿನ್ಯಾಗ ಬರಕೋರಿ’ ಅಂದಳು.