ಕಾಲಡಿಯಲ್ಲಿ ಮಾಗುವ ಏಲ್

ಲಂಡನ್ನಿನ ಬ್ಲ್ಯಾಕ್‌ಫ್ರಯರ್ಸ್ ರೈಲು ನಿಲ್ದಾಣದ ಎದುರಿಗೇ ಬೆಣೆಯಾಕಾರದ ಒಂದು ಕಿರಿದಾದ ಕಟ್ಟಡವಿದೆ. ಅದರ ಮೂತಿಯ ಮೇಲೆ ಕರಿ ನಿಲುವಂಗಿಯ ಡೊಳ್ಳುಹೊಟ್ಟೆ ಸನ್ಯಾಸಿಯೊಬ್ಬ ನಗುತ್ತಾ ನಿಂತಿದ್ದಾನೆ. ಒಳಗೆ ಕಾಲಿಟ್ಟರೆ ಬಣ್ಣಬಣ್ಣದ ಅಮೃತಶಿಲೆಯ ಗೋಡೆಗಳು, ಅವುಗಳ ಮೇಲೆ ತಾಮ್ರದ ಉಬ್ಬುಚಿತ್ರಗಳು. ಎಲ್ಲದರಲ್ಲೂ ಸನ್ಯಾಸಿಗಳೇ: ಹಾಡುವವರು, ಮೀನು ಹಿಡಿಯುವವರು, ದ್ರಾಕ್ಷಿ ಕೊಯ್ಯುವವರು. ಹಿಂದೆ ಇಲ್ಲಿ ಡೊಮಿನಿಕನ್ ಸನ್ಯಾಸಿಗಳ ಮಠವಿತ್ತು. ಆ ನೆನಪಿಗೆ 1905ರಿಂದಾಚೆಗೆ ವಾಸ್ತುಶಿಲ್ಪಿ ಫುಲ್ಲರ್-ಕ್ಲಾರ್ಕ್ ಮತ್ತು ಶಿಲ್ಪಿ ಹೆನ್ರಿ ಪೂಲ್ ಸೇರಿ ಒಂದು ಪಬ್ಬನ್ನು ಹೀಗೆ ಸಿಂಗರಿಸಿದರು. ‘ದಿ ಬ್ಲ್ಯಾಕ್‌ಫ್ರಯರ್’ ಎಂದು ಇದರ ಹೆಸರು. 1960ರ ದಶಕದಲ್ಲಿ ಇದನ್ನು ಕೆಡವಲು ಹೊರಟಾಗ ಕವಿ ಜಾನ್ ಬೆಜಮನ್ ಮುಂದೆ ನಿಂತು ಹೋರಾಡಿ ಉಳಿಸಿದರು. ಅವರು ಮಾಡಿದ ಉಪಕಾರ ಎಷ್ಟು ದೊಡ್ಡದೆಂದು ತಿಳಿಯಲು ಇಲ್ಲಿನ ಕಮಾನುಗಳ ಕೆಳಗೆ ಅರ್ಧ ಗಂಟೆ ಕೂತರೆ ಸಾಕು.

ಆದರೆ ನನ್ನ ಕಣ್ಣು ಕಟ್ಟೆಯ ಮೇಲೆ ಸಾಲಾಗಿ ನಿಂತ ಉದ್ದ ಹಿಡಿಕೆಗಳ ಮೇಲಿತ್ತು. ಬಿಟರ್ ಎಂಬ ಬಗೆಯ ಏಲ್ ಕೇಳಿದೆ. ಪರಿಚಾರಕಿ ಲೋಟವನ್ನು ಓರೆಯಾಗಿ ಹಿಡಿದು, ಹಿಡಿಕೆಯನ್ನು ನಿಧಾನವಾಗಿ, ತೋಳಿನ ಬಲವನ್ನೆಲ್ಲ ಹಾಕಿ ತನ್ನತ್ತ ಎಳೆದಳು. ಬಾವಿಯಿಂದ ನೀರು ಸೇದುವಷ್ಟೇ ಮೈಬಗ್ಗಿಸಿ ಮಾಡುವ ಕೆಲಸ. ಮೊದಲು ಮಬ್ಬಾದ ನೊರೆ ನುಗ್ಗಿತು. ಎರಡನೆಯ ಎಳೆತಕ್ಕೆ ಲೋಟ ಮುಕ್ಕಾಲಾಯಿತು. ಆಮೇಲೆ ಅವಳು ಸುಮ್ಮನೆ ಕಾದಳು. ಲೋಟದ ತಳದಿಂದ ಮಬ್ಬು ಮೇಲೇರುತ್ತಾ ಹೋಗಿ, ಅದರ ಹಿಂದೆ ಜೇನು ಬಣ್ಣದ ತಿಳಿ ಏಲ್ ನೆಲೆಗೊಂಡಿತು. ಈ ಕೈಪಂಪಿಗೆ ಜೋಸೆಫ್ ಬ್ರಾಮಾ ಎಂಬ ಯಂತ್ರತಜ್ಞ ಪೇಟೆಂಟ್ ಪಡೆದದ್ದು 1797ರಲ್ಲಿ. ಕೆಲಸ ಮಾಡುವ ರೀತಿ ಇಂದಿಗೂ ಹೆಚ್ಚುಕಡಿಮೆ ಅದೇ.

ಬೆಂಗಳೂರಿನ ಪಬ್ಬುಗಳಲ್ಲಿ ಹಲ್ಲು ಜುಮ್ಮೆನ್ನುವ ತಣ್ಣನೆಯ ಲಾಗರ್ ಕುಡಿದು ರೂಢಿಯಾದವರಿಗೆ ಮೊದಲ ಗುಟುಕು ಅಚ್ಚರಿ ಹುಟ್ಟಿಸುತ್ತದೆ. ಇಂಗ್ಲಿಷರು ಬೆಚ್ಚನೆಯ ಬಿಯರ್ ಕುಡಿಯುತ್ತಾರೆ ಎಂಬುದು ಸುಳ್ಳು. ಏಲ್ ಇರುವುದು ನೆಲಮಾಳಿಗೆಯ ತಂಪಿನಲ್ಲಿ, 11ರಿಂದ 13 ಡಿಗ್ರಿ ಸೆಲ್ಸಿಯಸ್ಸಿನಲ್ಲಿ. ನಾಲಿಗೆ ಮರಗಟ್ಟದಿರುವುದರಿಂದ ರುಚಿಗಳೆಲ್ಲ ಒಂದೊಂದಾಗಿ ತೆರೆದುಕೊಳ್ಳುತ್ತವೆ: ಹುರಿದ ಧಾನ್ಯದ ಸಿಹಿ, ಕಿತ್ತಳೆ ಸಿಪ್ಪೆಯ ಒಗರು, ಕೊನೆಗೆ ಹಾಪ್ಸ್‌ನ ಒಣ ಕಹಿ. ಗುಳ್ಳೆಗಳು ಚುಚ್ಚುವುದಿಲ್ಲ, ಇವೆಯೋ ಇಲ್ಲವೋ ಎನ್ನುವಷ್ಟು ಮೃದು.

ಹಾಲ್ಬರ್ನ್ ಬಳಿಯ ಒಂದು ಪಬ್ಬಿನಲ್ಲಿ ನನ್ನ ಪ್ರಶ್ನೆಗಳ ಮಳೆ ನೋಡಿ ಅಲ್ಲಿನ ಮೇಲ್ವಿಚಾರಕರು ನೆಲಮಾಳಿಗೆಗೆ ಕರೆದೊಯ್ದರು. ಕಡಿದಾದ ಮೆಟ್ಟಿಲು, ತಗ್ಗು ಚಾವಣಿ, ಯೀಸ್ಟಿನ ಘಮ. ಮರದ ಅಡ್ಡೆಗಳ ಮೇಲೆ ಪೀಪಾಯಿಗಳು ಮಗ್ಗುಲಾಗಿ ಮಲಗಿದ್ದವು. ಪ್ರತಿಯೊಂದೂ ಒಂದು ಫರ್ಕಿನ್, ಅಂದರೆ 9 ಗ್ಯಾಲನ್, 72 ಪೈಂಟ್. ಬ್ರೂವರಿಯಿಂದ ಬಂದ ಏಲ್ ಇನ್ನೂ ಮುಗಿದಿರುವುದಿಲ್ಲ. ಯೀಸ್ಟ್ ಜೀವಂತವಾಗಿದ್ದು ಪೀಪಾಯಿಯೊಳಗೆ ಎರಡನೆಯ ಹುದುಗು ನಡೆಯುತ್ತಿರುತ್ತದೆ. ಪೀಪಾಯಿಯ ನೆತ್ತಿಯ ತೂತಿಗೆ ಮೊದಲು ಗಾಳಿಯಾಡುವ ಮೆದು ಗೂಟ ಹೊಡೆಯುತ್ತಾರೆ. ಅದರ ಸುತ್ತ ಬುಸುಬುಸು ನೊರೆ ಉಕ್ಕುತ್ತದೆ. ಅವರು ಅದನ್ನು ಬಟ್ಟೆಯಿಂದ ಒರೆಸಿ, ಮತ್ತೆ ಎಷ್ಟು ಹೊತ್ತಿಗೆ ಉಕ್ಕುತ್ತದೆಂದು ಎಣಿಸುತ್ತಾ ನಿಂತರು. ನೊರೆ ತಗ್ಗಿದ ಮೇಲೆ ಗಟ್ಟಿ ಗೂಟ ಹೊಡೆದು ಉಳಿದ ಅನಿಲವನ್ನು ಒಳಗೇ ಹಿಡಿದಿಡಬೇಕು. ಬೇಗ ಮುಚ್ಚಿದರೆ ಏಲ್ ಒರಟು, ತಡವಾದರೆ ಸಪ್ಪೆ. ಯಾವಾಗ ಎಂದು ಹೇಳುವ ಮೀಟರು ಅಲ್ಲಿರಲಿಲ್ಲ, ಕಣ್ಣು ಮತ್ತು ನಾಲಿಗೆಯದೇ ತೀರ್ಮಾನ. ಪೀಪಾಯಿ ತೆರೆದು ಏಲ್ ಇಳಿಯುತ್ತಿದ್ದಂತೆ ಒಳಗೆ ಗಾಳಿ ಸೇರುತ್ತದೆ, ಹಾಗಾಗಿ ಮೂರು ದಿನಗಳಲ್ಲಿ ಖಾಲಿಯಾಗಬೇಕು. ನಮ್ಮಲ್ಲಿ ಬೆಳಿಗ್ಗೆ ಮರದಿಂದಿಳಿಸಿದ ಸೇಂದಿ ಮಧ್ಯಾಹ್ನಕ್ಕೊಂದು ರುಚಿ, ಸಂಜೆಗೊಂದು ರುಚಿ ಆಗುತ್ತದಲ್ಲ, ಇದೂ ಅದೇ ಜಾತಿಯದು, ನಡಿಗೆ ಮಾತ್ರ ನಿಧಾನ.

ಸಸ್ಯಾಹಾರಿಗಳಿಗೆ ಒಂದು ಮಾತು. ಯೀಸ್ಟನ್ನು ತಳಕ್ಕಿಳಿಸಿ ಏಲನ್ನು ತಿಳಿಯಾಗಿಸಲು ಮೀನಿನ ಈಜುಚೀಲದಿಂದ ತೆಗೆದ ಐಸಿಂಗ್ಲಾಸ್ ಬಳಸುವುದು ಹಳೆಯ ಪದ್ಧತಿ. ಈಗ ಅದನ್ನು ಬಿಟ್ಟ ಬ್ರೂವರಿಗಳೂ ಬಹಳ ಇವೆ. ಕೇಳಿದರೆ ಬೇಸರವಿಲ್ಲದೆ ಹೇಳುತ್ತಾರೆ.

ಆ ನೆಲಮಾಳಿಗೆಯ ಮೆಟ್ಟಿಲು ಹತ್ತಿ ಬಂದ ಮೇಲೆ ಲಂಡನ್ನಿನ ಪಬ್ಬುಗಳನ್ನು ನಾನು ನೋಡುವ ಬಗೆಯೇ ಬದಲಾಯಿತು. ಬ್ರೂವರಿ ಶುರುಮಾಡಿದ ಕೆಲಸವನ್ನು ಮುಗಿಸುವುದು ಪಬ್ಬು. ಈ ಏಲನ್ನು ಇಲ್ಲಿಗೆ ಬಂದೇ ಕುಡಿಯಬೇಕು.

ಫ್ಲೀಟ್ ಸ್ಟ್ರೀಟಿನ ‘ಯೇ ಓಲ್ಡ್ ಚೆಷೈರ್ ಚೀಸ್’ಗೆ ಎಲ್ಲ ಪ್ರವಾಸಿಗರೂ ಹೋಗುತ್ತಾರೆ, ನಾನೂ ಹೋದೆ. 1666ರ ಮಹಾ ಬೆಂಕಿಯ ಮರುವರ್ಷ ಮತ್ತೆ ಕಟ್ಟಿದ್ದು. ಅಲ್ಲಿಂದೀಚೆಗೆ ಆಳಿದ ರಾಜರಾಣಿಯರ ಹೆಸರುಗಳೆಲ್ಲ ಬಾಗಿಲ ಪಕ್ಕದ ಹಲಗೆಯ ಮೇಲಿವೆ. ಒಳಗೆ ಕತ್ತಲೆ, ಮರದ ಪುಟ್ಟಪುಟ್ಟ ಕೋಣೆಗಳು. ಹೈ ಹಾಲ್ಬರ್ನ್‌ನ ‘ಪ್ರಿನ್ಸೆಸ್ ಲೂಯಿಸ್’ ಇದಕ್ಕೆ ತದ್ವಿರುದ್ಧ: ಹೆಂಚಿನ ಹೂಬಳ್ಳಿ, ಕೊರೆದ ಗಾಜು, ಥಳಥಳಿಸುವ ಕನ್ನಡಿ. ವಿಕ್ಟೋರಿಯಾ ಕಾಲದ ಆ ಅಲಂಕಾರ ಎಷ್ಟು ಅಪರೂಪದ್ದೆಂದರೆ ಗಂಡಸರ ಶೌಚಾಲಯವನ್ನೂ ಸಂರಕ್ಷಿತವೆಂದು ಪಟ್ಟಿ ಮಾಡಿದ್ದಾರೆ.

ಮನಸ್ಸು ಸೋತದ್ದು ‘ಯೇ ಓಲ್ಡ್ ಮೈಟರ್’ಗೆ. ವಜ್ರದ ವ್ಯಾಪಾರಿಗಳ ಹ್ಯಾಟನ್ ಗಾರ್ಡನ್ ಬೀದಿಯಲ್ಲಿ, ಎರಡು ಕಟ್ಟಡಗಳ ನಡುವೆ ಒಬ್ಬರು ನಡೆಯುವಷ್ಟೇ ಅಗಲದ ಸಂದು. ಗೊತ್ತಿಲ್ಲದವರು ಹತ್ತು ಸಲ ಹಾದುಹೋದರೂ ಕಾಣುವುದಿಲ್ಲ. ಈಲಿಯ ಬಿಷಪ್ಪರ ಅರಮನೆಯ ಸೇವಕರಿಗಾಗಿ 1546ರಲ್ಲಿ ಶುರುವಾದ ಪಬ್ಬು ಇದು. ಈಗಿನ ಕಟ್ಟಡ ಹದಿನೆಂಟನೆಯ ಶತಮಾನದ್ದು. ಮುಂಗೋಣೆಯ ಮೂಲೆಯಲ್ಲಿ ಗಾಜಿನ ಹಿಂದೆ ಚೆರ್ರಿ ಮರದ ಒಣ ಕಾಂಡವಿದೆ. ಬಿಷಪ್ಪರ ತೋಟಕ್ಕೂ ಸರ್ ಕ್ರಿಸ್ಟೋಫರ್ ಹ್ಯಾಟನ್ನರಿಗೆ ಸೇರಿದ ಜಾಗಕ್ಕೂ ನಡುವಿನ ಗಡಿ ಅದಾಗಿತ್ತಂತೆ, ಒಂದನೆಯ ಎಲಿಜಬೆತ್ ರಾಣಿ ಹ್ಯಾಟನ್ ಜೊತೆ ಅದರ ಸುತ್ತ ಕುಣಿದಿದ್ದಳಂತೆ. ಕುಣಿದಳೋ ಇಲ್ಲವೋ, ಆ ಕಾಂಡದ ಪಕ್ಕ ನಿಂತು ಕುಡಿಯುವಾಗ ನಂಬದಿರಲು ನನಗೆ ಮನಸ್ಸು ಬರಲಿಲ್ಲ.

ಅಲ್ಲಿ ಕುಡಿದದ್ದು ‘ಲಂಡನ್ ಪ್ರೈಡ್’. 1845ರಿಂದ ಫುಲ್ಲರ್, ಸ್ಮಿತ್ ಅಂಡ್ ಟರ್ನರ್ ಹೆಸರಿನಲ್ಲಿ ನಡೆದ ಚಿಸ್‌ವಿಕ್‌ನ ಗ್ರಿಫಿನ್ ಬ್ರೂವರಿಯದು. 2019ರಲ್ಲಿ ಆ ಬ್ರೂವರಿ ಜಪಾನಿನ ಅಸಾಹಿ ಕಂಪನಿಯ ಪಾಲಾಯಿತು. ವಾಂಡ್ಸ್‌ವರ್ತ್‌ನ ಯಂಗ್ಸ್ ಬ್ರೂವರಿ 2006ರಲ್ಲೇ ಅಲ್ಲಿಂದ ಕಾಲ್ತೆಗೆದಿತ್ತು. ಕೊನೆಯವರೆಗೂ ಅವರು ಸುತ್ತಲಿನ ಪಬ್ಬುಗಳಿಗೆ ಕುದುರೆ ಗಾಡಿಯಲ್ಲಿ ಪೀಪಾಯಿ ಕಳಿಸುತ್ತಿದ್ದರು. ಇಂಥ ಸುದ್ದಿಗೆ ಈ ಊರಿಗೆ ಸೇರದ ನನಗೂ ಸಂಕಟವಾಗುತ್ತದೆ.

ಪೀಪಾಯಿಯಲ್ಲಿ ಮಾಗುವ ಈ ‘ಕಾಸ್ಕ್ ಏಲ್’ ಉಳಿದದ್ದಾದರೂ ಜನರ ಹಟದಿಂದ. 1960ರ ದಶಕದಲ್ಲಿ ದೊಡ್ಡ ಕಂಪನಿಗಳು ಬಿಯರನ್ನು ಸೋಸಿ, ಬಿಸಿ ಮಾಡಿ ಯೀಸ್ಟನ್ನು ಕೊಂದು, ಇಂಗಾಲದ ಡೈ ಆಕ್ಸೈಡಿನಿಂದ ಮೇಲೆ ತಳ್ಳುವ ಕೆಗ್ ಪದ್ಧತಿಯನ್ನು ಎಲ್ಲೆಡೆ ಹರಡಿದವು. ಕೆಡುವುದಿಲ್ಲ, ಯಾರ ಜಾಣ್ಮೆಯೂ ಬೇಡ, ಎಲ್ಲೆಲ್ಲೂ ಒಂದೇ ರುಚಿ. 1971ರಲ್ಲಿ ಐರ್ಲೆಂಡಿಗೆ ರಜೆಗೆ ಹೋಗಿದ್ದ ನಾಲ್ವರು ಇಂಗ್ಲಿಷ್ ಗೆಳೆಯರು ಇದರ ವಿರುದ್ಧ ‘ಕ್ಯಾಮ್ರಾ’ ಎಂಬ ಚಳವಳಿ ಕಟ್ಟಿದರು. ಪೀಪಾಯಿಯಲ್ಲೇ ಹುದುಗಿ, ಹೊರಗಿನ ಅನಿಲದ ಹಂಗಿಲ್ಲದೆ ಲೋಟಕ್ಕೆ ಬರುವುದನ್ನೇ ‘ರಿಯಲ್ ಏಲ್’ ಎನ್ನಬೇಕೆಂದು ಹೇಳಿಕೊಟ್ಟವರು ಅವರೇ.

ನಮ್ಮ ಕಡೆಗೂ ಇದರ ಒಂದು ಕವಲು ಬಂದಿದೆ. ಪೂರ್ವ ಲಂಡನ್ನಿನ ಬೋ ಎಂಬಲ್ಲಿದ್ದ ಹಾಜ್‌ಸನ್ನರ ಬ್ರೂವರಿಯಿಂದ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳ ನಾಯಕರು ಪೇಲ್ ಏಲ್ ಕೊಂಡು ಭಾರತಕ್ಕೆ ಒಯ್ಯುತ್ತಿದ್ದರು. ಇಂದು ಬೆಂಗಳೂರಿನ ಮೈಕ್ರೋಬ್ರೂವರಿಗಳ ಹಲಗೆಗಳ ಮೇಲೆ ಐಪಿಎ (ಇಂಡಿಯಾ ಪೇಲ್ ಏಲ್) ಎಂದು ಕಾಣುವುದು ಆ ವಂಶದ್ದೇ. ಬೆಂಗಳೂರಿನ ಯುನೈಟೆಡ್ ಬ್ರೂವರೀಸನ್ನು 1915ರಲ್ಲಿ ಕಟ್ಟಿದ ಥಾಮಸ್ ಲೀಷ್‌ಮನ್ ಕೂಡ ಸ್ಕಾಟ್ಲೆಂಡಿನವರು. ಬಿಯರ್ ನಮ್ಮಲ್ಲಿಗೆ ಬಂತು, ಮಾಗಿಸುವ ನೆಲಮಾಳಿಗೆ ಮಾತ್ರ ಜೊತೆಗೆ ಬರಲಿಲ್ಲ.

ಸಂಜೆ ಥೇಮ್ಸ್ ದಾಟಿ ಸದರ್ಕ್‌ಗೆ ಹೋದೆ. ಲಂಡನ್ನಿನಲ್ಲಿ ಉಳಿದಿರುವ ಏಕೈಕ ಮೊಗಸಾಲೆಯ ಛತ್ರ ‘ದಿ ಜಾರ್ಜ್’ ಅಲ್ಲಿದೆ, 1676ರ ಬೆಂಕಿಯ ನಂತರ ಕಟ್ಟಿದ್ದು. ಕುದುರೆ ಸಾರೋಟುಗಳು ಬಂದು ನಿಲ್ಲುತ್ತಿದ್ದ ಅಂಗಳ ಜನರಿಂದ ಗಿಜಿಗುಡುತ್ತಿತ್ತು. ಅಲ್ಲಿಂದ ಸ್ವಲ್ಪ ದೂರ, ಟಾಬರ್ಡ್ ಸ್ಟ್ರೀಟಿನ ‘ರಾಯಲ್ ಓಕ್’. ಇದು ಸಸೆಕ್ಸ್‌ನ ಲೂಯಿಸ್ ಊರಿನ ಹಾರ್ವೀಸ್ ಬ್ರೂವರಿಯ ಪಬ್ಬು. ಅವರ ‘ಸಸೆಕ್ಸ್ ಬೆಸ್ಟ್’ ಅನ್ನು ಅದೇ ಮಧ್ಯಾಹ್ನ ಕೋವೆಂಟ್ ಗಾರ್ಡನ್ ಬಳಿಯ ‘ದಿ ಹಾರ್ಪ್’ನಲ್ಲಿ ಕುಡಿದಿದ್ದೆ, ಅಲ್ಲಿ ಅದು ಗರಿಗರಿ, ಕಹಿ ಮುಂದು. ಇಲ್ಲಿ ಅದೇ ಏಲ್ ದುಂಡಗೆ, ಬೆಲ್ಲದ ಪಾಕದ ಎಳೆಯೊಂದಿಗೆ ಇಳಿಯಿತು. ಕಟ್ಟೆಯ ಹಿಂದಿದ್ದವರಿಗೆ ಹೇಳಿದೆ. ಅವರ ಮುಖ ಅರಳಿತು. ಇಲ್ಲಿನದು ನಿನ್ನೆ ತೆರೆದ ಪೀಪಾಯಿ, ಇಂದು ಹದಕ್ಕೆ ಬಂದಿದೆ ಎಂದರು. ಪಕ್ಕದ ಹಿಡಿಕೆಯ ಮೇಲಿನ ಹೆಸರಿನ ಬಿಲ್ಲೆ ಬೆನ್ನು ತಿರುಗಿಸಿ ನಿಂತಿತ್ತು, ಅಂದರೆ ಆ ಪೀಪಾಯಿ ಮುಗಿದಿದೆ. ಅದು ಅವರ ಕಪ್ಪು ಮೈಲ್ಡ್ ಏಲ್, ಹೊಸದು ಕೆಳಗೆ ಇನ್ನೂ ನೊರೆ ಉಕ್ಕಿಸುತ್ತಿದೆ, ನಾಳೆ ಸಂಜೆಗೆ ಬನ್ನಿ ಎಂದರು.

ನಾಳೆ ಬೆಳಿಗ್ಗೆ ವಿಕ್ಟೋರಿಯಾ ನಿಲ್ದಾಣದಿಂದ ಲೂಯಿಸ್‌ಗೆ ರೈಲು ಹಿಡಿಯುವುದೆಂದು ನಿಶ್ಚಯಿಸಿದೆ, ಒಂದು ಗಂಟೆಯ ಹಾದಿ. ಊಸ್ ನದಿಯ ದಡದ ಆ ಬ್ರೂವರಿಯನ್ನು ನೋಡಿ, ಮೈಲ್ಡ್ ತಿಳಿಯಾಗುವ ಹೊತ್ತಿಗೆ ಟಾಬರ್ಡ್ ಸ್ಟ್ರೀಟಿಗೆ ಹಿಂತಿರುಗಲು ಸಮಯ ಸಾಕಷ್ಟಿತ್ತು.